ಕಣ್ಣು ಮುಚ್ಚದ ಪ್ರಾರ್ಥನೆ

"ಪ್ರಾರ್ಥ್ನೆ ಆಗ್ದೆ ಸೂಜಿ ಚುಚ್ಚಂಗಿಲ್ಲ ಕಣ್ರೀ ನರ್ಸಮ್ಮ," ಎಂದು ಹೊನ್ನಕ್ಕ ಮಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಇಂಜೆಕ್ಷನ್ ಹಿಡಿದು ನಿಂತಿದ್ದ ಪ್ರೇಮಕುಮಾರಿಯ ಕೈ ಅಲ್ಲೇ ನಿಂತಿತು. ಪುಟ್ಟ ಕೆಂಪಿ ಉಸಿರೆಳೆದಾಗಲೆಲ್ಲ ಕೊರಳ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಗಂಟಲುಮಾರಿ. ಬಾಯೊಳಗೆ ಬೂದು ಪೊರೆ ಕಟ್ಟಿದ್ದನ್ನು ನೋಡಿದ ಡಾಕ್ಟರು, ತಡಮಾಡದೆ ಇದನ್ನು ಕೊಡು ಎಂದು ಹೇಳಿ ಆಪರೇಷನ್ ಕೋಣೆಗೆ ಹೋಗಿದ್ದರು. ಮೊಸಳೆ ಎಂಬ ಹಳ್ಳಿಯಿಂದ ಹಾಸನದ ಮಿಶನ್ ಆಸ್ಪತ್ರೆಯವರೆಗೆ ಗಾಡಿ ಹೊಡೆಸಿಕೊಂಡು ಬಂದವಳು ಈಗ ಹಟ ಹಿಡಿದು ಕೂತರೆ ಏನನ್ನಬೇಕು!

"ಕೆಲ್ಸ ಮಾಡೋದು ಔಷಧಿ ಹೊನ್ನಕ್ಕ, ಪ್ರಾರ್ಥನೆಯಲ್ಲ."

ಹೋದ ಕ್ರಿಸ್‌ಮಸ್ಸಿಗೆ ಅರಕಲಗೂಡಿನ ಮನೆಯಲ್ಲಿ ಅಪ್ಪನಿಗೂ ಅವಳು ಇದನ್ನೇ ಹೇಳಿದ್ದಳು. ಅಪ್ಪ ಕ್ರೈಸ್ತ ಸಭೆಯ ಉಪದೇಶಿ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದುಹೋಗಿದ್ದರು. ಆದರೂ ಅವಳು ಮಾತು ಹಿಂತೆಗೆದುಕೊಳ್ಳಲಿಲ್ಲ. ನಂಬದ ದೇವರ ಮುಂದೆ ಕೈಮುಗಿದರೆ ಅದು ನಾಟಕ, ತಾನು ಮಾಡುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದಳು. ಸೂಜಿ ಹಿಡಿದು ಪ್ರಾರ್ಥಿಸುತ್ತಿದ್ದ ಮುದುಕಿ ದೊರೆಸಾನಿ ತನ್ನ ದೇಶಕ್ಕೆ ಹೋದ ಮೇಲೆ ಈ ವಾರ್ಡಿನಲ್ಲಿ ಸೂಜಿಗೆ ಮುಂಚೆ ಪ್ರಾರ್ಥನೆ ಬೇಕೆಂದವರೂ ಇರಲಿಲ್ಲ, ಇವತ್ತಿನವರೆಗೆ.

"ನನ್ನೇನ್ ದಡ್ಡಿ ಅಂದ್ಕಂಡ್ರಾ?" ಹೊನ್ನಕ್ಕ ಕೆರಳಿದಳು. "ನನ್ ದೊಡ್ಮಗನ್ಗೂ ಇದೇ ಕಾಯ್ಲೆ. ದೊರೆಸಾನಿ ಪ್ರಾರ್ಥ್ನೆ ಮಾಡಿ ಚುಚ್ಚುದ್ರು, ಉಳ್ಕಂಡ. ನಡ್ಲು ಮಗಳ್ಗೆ ಬ್ಯಾರೆ ಕಡೆ ಬರೀ ಸೂಜಿ ಆಕುದ್ರು, ಓಗ್ಬುಟ್ಲು. ನಾನು ಕಣ್ಣಾರೆ ಕಂಡಿದ್ದೀನಿ ಕಣವ್ವ. ನೀವು ಕಂಡಿದ್ದೀರಾ?"

ಆ ಮಗುವನ್ನು ತಡವಾಗಿ ಕರೆದೊಯ್ದಿರಬೇಕು ಎಂದು ಹೆತ್ತವಳ ಮುಖಕ್ಕೆ ಹೇಳುವುದಾದರೂ ಹೇಗೆ? ಪ್ರೇಮಕುಮಾರಿ ಬಲವಂತಕ್ಕೆ ಕೈ ಚಾಚಿದರೆ ಹೊನ್ನಕ್ಕ ಕೊಸರಿಕೊಂಡು ಎದ್ದೇಬಿಟ್ಟಳು. ಕೆಂಪಿಯ ತುಟಿ ನೇರಳೆಗೆ ತಿರುಗಿತ್ತು.

"ಬ್ಯಾಡ ಬುಡಿ. ಗಾಡಿ ಎತ್ನ ಇನ್ನೂ ಬಿಚ್ಚಿಲ್ಲ, ವಾಪಸ್ ಓಯ್ತೀನಿ."

"ಅಯ್ಯೋ, ಕೂತ್ಕೊಳ್ಳಿ ಮಾರಾಯ್ತಿ! ಮಾಡ್ತೀನಿ!"

ಅವಳ ಬಾಯಿಂದ ಬಂದದ್ದು ಥೇಟ್ ಅಪ್ಪನ ದನಿ. "ದಯಾಮಯನಾದ ದೇವರೇ, ಈ ಕೂಸಿನ ಉಸಿರನ್ನು ನಿನ್ನ ಕೈಯಲ್ಲಿ ಹಿಡಿ. ಈ ತಾಯಿಯ ಮಡಿಲನ್ನು ಬರಿದು ಮಾಡಬೇಡ." ಒಂದು ಅಕ್ಷರವೂ ತೊದಲಲಿಲ್ಲ. ಥೂ, ಎಂಥ ಸಲೀಸು ಸುಳ್ಳು ಎಂದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಆಮೆನ್ ಎನ್ನುವಷ್ಟರಲ್ಲಿ ಸೂಜಿ ತೊಡೆಯೊಳಗಿತ್ತು.

ಹಗಲು ಕಳೆಯಿತು, ರಾತ್ರಿಯೂ ಕಳೆಯಿತು. ಪಾಳಿ ಮುಗಿದರೂ ಪ್ರೇಮಕುಮಾರಿ ಮನೆಗೆ ಹೋಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಆ ಸೇದುವ ಸದ್ದು ತಗ್ಗಿತ್ತು, ತುಟಿಗೆ ಬಣ್ಣ ಬಂದಿತ್ತು. ಚಮಚದಲ್ಲಿ ಕೊಟ್ಟ ನೀರನ್ನು ಕೆಂಪಿ ನುಂಗಿದಳು. ಅವಳ ತಲೆ ಸವರುತ್ತಿದ್ದ ಹೊನ್ನಕ್ಕ ಮೆಲ್ಲಗೆ ಕೇಳಿದಳು:

"ನರ್ಸಮ್ಮ, ನಿನ್ನೆ ಪ್ರಾರ್ಥ್ನೆ ಮಾಡುವಾಗ ನೀವು ಕಣ್ಣೇ ಮುಚ್ಲಿಲ್ವಲ್ಲ?"

ಸಿಕ್ಕಿಬಿದ್ದೆ ಎಂದುಕೊಂಡಳು ಪ್ರೇಮಕುಮಾರಿ. "ಮಗು ಉಸಿರು ನೋಡ್ತಿದ್ದೆ," ಎಂದಳು.

"ಊಂ. ನಾನೂ ಮುಚ್ಚಿರ್ನಿಲ್ಲ." ಹೊನ್ನಕ್ಕ ಮಗಳ ಹೊದಿಕೆ ಸರಿಮಾಡಿದಳು. "ನಿಮ್ ಕೈನೇ ನೋಡ್ತಿದ್ದೆ."

ಅಷ್ಟರಲ್ಲಿ ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸಿತು. ವಾರ್ಡಿನವರೆಲ್ಲ, ಯಾವ ದೇವರ ಒಕ್ಕಲೇ ಆಗಿರಲಿ, ಕೈಮುಗಿದು ಕಣ್ಣು ಮುಚ್ಚಿದರು. ಕೆಂಪಿಯ ಮಂಚದ ಎರಡು ಪಕ್ಕಕ್ಕೆ ಆ ಇಬ್ಬರು ಮಾತ್ರ, ಕೈಮುಗಿದುಕೊಂಡೇ, ಮಗುವಿನ ಕೊರಳ ಗುಳಿಯನ್ನು ನೋಡುತ್ತ ಕೂತಿದ್ದರು.