ನಲವತ್ತೊಂದನೆಯ ಮನೆ

ಫೌಝಿಯಾ ಪುತ್ತೂರಿನವಳು. ದೆಹಲಿಯಲ್ಲಿ ದೂರಸಂಪರ್ಕದ ಮಾನಕಗಳನ್ನು ರೂಪಿಸುವ ತಂಡದಲ್ಲಿ ಎಂಜಿನಿಯರ್. ಒಂದು ಟವರಿನಿಂದ ಹೊರಟ ತರಂಗ ಎಷ್ಟು ದೂರ ಹೋಗುತ್ತದೆ, ಮೊಬೈಲು ಅದನ್ನು ಹೇಗೆ ಹಿಡಿಯಬೇಕು ಎಂಬುದನ್ನೆಲ್ಲ ದೇಶಗಳು ಒಟ್ಟಾಗಿ ಕೂತು ಒಂದು ದಸ್ತಾವೇಜಿನಲ್ಲಿ ಬರೆಯುತ್ತವೆ. ಅದರಲ್ಲಿ ಬರೆದಂತೆ ಜಗತ್ತಿನ ಫೋನುಗಳೆಲ್ಲ ತಯಾರಾಗುತ್ತವೆ. ಆ ದಸ್ತಾವೇಜಿನ ಕೋಷ್ಟಕದಲ್ಲಿ ‘ಹಳ್ಳಿ’ ಎಂದರೆ ಸಮತಟ್ಟಾದ ಬಯಲು, ಅಲ್ಲೊಂದು ಇಲ್ಲೊಂದು ಮರ. ಕಾಡಿನ ಮಡಿಲ ಹಳ್ಳಿಗೆ ಬೇರೆಯೇ ಸಾಲು ಬೇಕೆಂದು ಫೌಝಿಯಾ ಎರಡು ವರ್ಷದಿಂದ ವಾದಿಸುತ್ತಿದ್ದಳು. ನಮ್ಮದೇ ದೇಶದ ಸಮಿತಿಯೊಳಗೆ, ಹೊಸ ಸಾಲು ಬಂದರೆ ಫೋನಿನ ಬೆಲೆ ಏರುತ್ತದೆಂದು ತಯಾರಕರು ತಕರಾರು ತೆಗೆದರು. ಅವರನ್ನು ಒಪ್ಪಿಸಿ ಎಲ್ಲ ದೇಶಗಳ ಸಭೆಗೆ ಹೋದರೆ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಳತೆ ಎಲ್ಲಿದೆ?”

ಅಳತೆ ಇರಲಿಲ್ಲ. ಶ್ರೀಮಂತ ದೇಶಗಳ ಕಂಪನಿಗಳು ವರ್ಷಗಟ್ಟಲೆ ಅಳೆದ ರಾಶಿ ರಾಶಿ ಅಂಕಿಗಳನ್ನು ತಂದು ಮುಂದಿಡುತ್ತಿದ್ದವು. ಇವಳ ತಂಡದ ಬಳಿ ಒಂದು ಕಾಲೇಜಿನ ಪ್ರಯೋಗಾಲಯದಿಂದ ಕಡ ತಂದ, ತರಂಗ ಹಿಡಿದು ಅಳೆಯುವ ಒಂದೇ ಒಂದು ಯಂತ್ರವಿತ್ತು. ಪ್ರಯೋಗಕ್ಕಾಗಿ ತರಂಗ ಬಿಡಲು ಐದು ದಿನದ ಪರವಾನಗಿ ಸಿಕ್ಕಿತು. ಅದು ಮುಗಿಯುವುದು ಐದನೇ ದಿನದ ಮಧ್ಯಾಹ್ನ ಹನ್ನೆರಡಕ್ಕೆ. ಅದೇ ದಿನ ಎರಡೂವರೆಗೆ ಆನ್‌ಲೈನಿನಲ್ಲಿ ಕೊನೆಯ ಸಭೆ. ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಘಟ್ಟದ ಬುಡದ ಕೊಲ್ಲಮೊಗ್ರಿನಲ್ಲಿ, ಇದ್ದೊಂದು ಟವರಿನ ಪಕ್ಕದ ಬಂಡೆಯ ಮೇಲೆ ತರಂಗ ಬಿಡುವ ಕಂಬ ನಿಲ್ಲಿಸಿ, ಹರಿಪ್ರಸಾದ್ ಎಂಬವನ ಬಾಡಿಗೆ ಜೀಪಿನಲ್ಲಿ ಯಂತ್ರ ಇಟ್ಟುಕೊಂಡು ಹೊರಟಳು.

ಮೊದಲ ಎರಡು ದಿನ ಹಾಳಾದವು. ಅಳೆಯಬೇಕಾದ ಐವತ್ತು ಜಾಗಗಳನ್ನು ಕಂಪ್ಯೂಟರೇ ಆರಿಸಿಕೊಟ್ಟಿತ್ತು. ಒಂದು ಜಾಗ ಹೊಳೆಯ ನಡುವೆ, ಇನ್ನೊಂದು ಮಣ್ಣಿನ ಗೋಡೆಯಂಥ ಕಡಿದಾದ ಬರೆಯ ತುದಿಯಲ್ಲಿ, ಮತ್ತೊಂದು ಆನೆ ಬೇಲಿಯ ಆಚೆ. ಹನ್ನೊಂದು ಜಾಗಗಳಿಗಷ್ಟೇ ಹೋಗಲು ಆಯಿತು, ಅವೂ ಬಹುತೇಕ ಗುಡ್ಡದ ನೆತ್ತಿ. ಅಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು. ಈ ಅಂಕಿಗಳನ್ನು ಕೊಟ್ಟರೆ ತನ್ನ ವಾದಕ್ಕೆ ತಾನೇ ಕೊಡಲಿ ಪೆಟ್ಟು ಹಾಕಿದಂತೆ ಎಂದು ಅವಳಿಗೆ ಅನ್ನಿಸಿತು.

ಮೂರನೇ ಬೆಳಿಗ್ಗೆ, ನೀಲಿ ಅಂಚಿನ ಸೀರೆ ಉಟ್ಟ ಹೆಂಗಸೊಬ್ಬರು ಕೈ ಅಡ್ಡ ಹಿಡಿದು ಜೀಪು ನಿಲ್ಲಿಸಿದರು. ಊರಿನ ಆಶಾ ಕಾರ್ಯಕರ್ತೆ ಪೂವಮ್ಮ.

“ಎಂತ ಅಳೆಯುದು ನೀವು, ಎರಡು ದಿನ ಆಯ್ತು ನೋಡ್ತಾ ಇದ್ದೇನೆ.”

ಫೌಝಿಯಾ ವಿವರಿಸಿದಳು. ಪೂವಮ್ಮ ನಕ್ಷೆಯನ್ನು ತಿರುಗಿಸಿ ನೋಡಿದರು.

“ಇದ್ರಲ್ಲಿ ಒಂದು ಕಡೆಯೂ ಮನುಷ್ಯರಿಲ್ಲ ಮಾರಾಯ್ರೆ. ಗುಡ್ಡದ ತಲೆಯಲ್ಲಿ ಯಾರು ಮನೆ ಕಟ್ತಾರೆ? ನೀರು ಉಂಟಾ ಅಲ್ಲಿ? ಮನೆಗಳೆಲ್ಲ ಕೆಳಗೆ, ತೋಡಿನ ಬದಿಯಲ್ಲಿ. ಹೆರಿಗೆ ನೋವು ಬರುದು ಅಲ್ಲಿ, ಆಂಬ್ಯುಲೆನ್ಸಿಗೆ ಫೋನ್ ಮಾಡ್ಲಿಕ್ಕೆ ನಾನು ಗುಡ್ಡೆ ಹತ್ತುದು.”

ಫೌಝಿಯಾ ನಕ್ಷೆಯನ್ನು ಮಡಿಚಿಟ್ಟಳು. ಆಮೇಲೆ ಕೇಳಿದಳು, “ಎಷ್ಟು ಮನೆ ಉಂಟು ನಿಮ್ಮ ಪಾಲಿಗೆ?”

“ನಲವತ್ತೊಂದು. ಪ್ರತಿ ತಿಂಗಳು ಎಲ್ಲ ಮನೆಗೂ ಹೋಗ್ಲೇಬೇಕು.”

“ಹತ್ತಿ ಜೀಪು.”

ಅಲ್ಲಿಂದ ಮೂರು ದಿನ ಓಟವೋ ಓಟ. ಪೂವಮ್ಮನಿಗೆ ಪ್ರತಿ ಮನೆಯ ಸಂಗತಿ ಬಾಯಿಪಾಠ: ಇಲ್ಲಿ ದನದ ಹಟ್ಟಿಯ ಹಿಂದೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಅಲ್ಲಿ ಬೆಳಿಗ್ಗೆ ಇಲ್ಲ, ಬಿಸಿಲು ಏರಿದ ಮೇಲೆ ಉಂಟು. ಯಂತ್ರ ಇಟ್ಟರೆ ಅದೇ ನಿಜ. ಇಬ್ಬನಿ ಕುಡಿದ ಎಲೆಗಳ ಕೆಳಗೆ ತರಂಗ ಸೋತು ಬೀಳುವುದು, ಎಲೆ ಆರಿದ ಮೇಲೆ ಚೇತರಿಸಿಕೊಳ್ಳುವುದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಕೋಷ್ಟಕ ಹೇಳುವ ಸಿಗ್ನಲಿನ ನೂರರಲ್ಲಿ ಒಂದು ಪಾಲೂ ಕೆಲವು ಅಂಗಳಗಳನ್ನು ಮುಟ್ಟುತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಹೀಗೆ ಬಿಚ್ಚಿಕೊಳ್ಳುವಾಗ ಫೌಝಿಯಾಳಿಗೆ ಊಟದ ನೆನಪೂ ಆಗಲಿಲ್ಲ. ಮೊದಲು ಗೊಣಗುತ್ತಿದ್ದ ಹರಿಪ್ರಸಾದನೂ ಈಗ ತಾನೇ ಆಂಟೆನಾ ಎತ್ತಿ ಹಿಡಿದು, “ಇಲ್ಲಿ ಎಷ್ಟು ಬಿತ್ತು ಮೇಡಂ?” ಎಂದು ಕೇಳತೊಡಗಿದ.

ಐದನೇ ದಿನ ಹನ್ನೊಂದು ಗಂಟೆಗೆ ನಲವತ್ತು ಮನೆ ಮುಗಿದವು. ಉಳಿದದ್ದು ಹೊಳೆಯಾಚೆಯ ಅಚ್ಚುತ ಎಂಬವರದು. ಜೀಪು ಹೋಗುವ ದಾರಿಯಲ್ಲ.

“ನಲವತ್ತು ಸಾಕಲ್ಲ ಮೇಡಂ,” ಎಂದ ಹರಿಪ್ರಸಾದ್. “ಸಭೆಗೆ ಸುಳ್ಯ ಮುಟ್ಟಲಿಕ್ಕೆ ಒಂದೂಕಾಲು ಗಂಟೆ ಬೇಕು.”

“ಒಂದು ಮನೆ ಬಿಟ್ಟು ಬಂದದ್ದು ಗೊತ್ತಾದ್ರೆ ನಮ್ಮ ಮೇಲಿನವರು ಎಂತ ಕೇಳ್ತಾರೆ ಗೊತ್ತುಂಟಾ?” ಎಂದರು ಪೂವಮ್ಮ. “ಹಾಗಾದ್ರೆ ಉಳಿದ ಮನೆಗೆ ಹೋದದ್ದಾದ್ರೂ ನಿಜವಾ ಅಂತ ಕೇಳ್ತಾರೆ.”

ಫೌಝಿಯಾ ಚಪ್ಪಲಿ ಕಳಚಿದಳು. ಪೂವಮ್ಮ ಸೆರಗನ್ನು ಸಿಂಬಿ ಸುತ್ತಿ ಯಂತ್ರದ ಪೆಟ್ಟಿಗೆಯನ್ನು ತಲೆಗೇರಿಸಿದರು. ಮೊಣಕಾಲುದ್ದದ ತಣ್ಣೀರು ದಾಟಿ, ಏರು ಹತ್ತಿ ಅಂಗಳಕ್ಕೆ ತಲಪಿದಾಗ ಹನ್ನೆರಡಕ್ಕೆ ಒಂಬತ್ತು ನಿಮಿಷ. ಅಚ್ಚುತ ಪೆಟ್ಟಿಗೆ ಇಡಲು ಮಣೆ ತಂದಿಟ್ಟರು. ಯಂತ್ರ ನಾಲ್ಕು ನಿಮಿಷ ಅಳೆಯಿತು. ಐದು ದಿನದಲ್ಲೇ ಅತಿ ದುರ್ಬಲವಾದ ಅಂಕಿ ಅದು.

ಸುಳ್ಯದಲ್ಲಿ ಫೌಝಿಯಾಳ ಚಿಕ್ಕಮ್ಮ ರುಖಿಯಮ್ಮನ ಮನೆಗೆ ಫೈಬರ್ ಸಂಪರ್ಕವಿತ್ತು. ದಾರಿಯುದ್ದಕ್ಕೂ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಕಿ ಜೋಡಿಸಿದ ಫೌಝಿಯಾ ಒದ್ದೆ ಬಟ್ಟೆಯಲ್ಲೇ ಕುರ್ಚಿಯಲ್ಲಿ ಕೂತಳು. ಪೂವಮ್ಮನೂ ಹರಿಪ್ರಸಾದನೂ ಬಾಗಿಲ ಬಳಿ ನಿಂತರು. ರುಖಿಯಮ್ಮ ಇಬ್ಬರ ಕೈಗೂ ಅಕ್ಕಿ ರೊಟ್ಟಿಯಂಥ ಪತ್ತಿರಿಯ ತಟ್ಟೆ ಕೊಟ್ಟು, “ತಿನ್ನಿ, ಅವಳು ಈಗ ಯಾರನ್ನೂ ನೋಡುದಿಲ್ಲ,” ಎಂದರು.

ಪರದೆಯ ಮೇಲೆ ಇವಳ ಸಾಲು ಚೌಕ ಕಂಸದೊಳಗೆ ಕೂತಿತ್ತು. ಇನ್ನೂ ಒಪ್ಪಿಗೆಯಾಗಿಲ್ಲ ಎಂಬುದಕ್ಕೆ ಆ ಸಭೆಯ ಗುರುತು ಅದು. ಫೌಝಿಯಾ ಹತ್ತು ನಿಮಿಷ ಮಾತಾಡಿದಳು. ದೊಡ್ಡ ದೇಶವೊಂದರ ಪ್ರತಿನಿಧಿ ಕೂಡಲೇ ಕೈ ಎತ್ತಿದ.

“ಈ ಜಾಗಗಳನ್ನು ಆರಿಸಿದ್ದು ಹೇಗೆ? ಸಿಗ್ನಲ್ ಸಿಗದ ಕಡೆಗಳನ್ನೇ ಹೆಕ್ಕಿ ಅಳೆದಿರಬಹುದಲ್ಲ?”

“ನಾವು ಆರಿಸಲಿಲ್ಲ,” ಎಂದಳು ಫೌಝಿಯಾ. “ಅಲ್ಲಿನ ಆರೋಗ್ಯ ಕಾರ್ಯಕರ್ತೆಯೊಬ್ಬರು ತಿಂಗಳು ತಿಂಗಳು ಭೇಟಿ ಕೊಡಲೇಬೇಕಾದ ಮನೆಗಳು ಇವು. ಅವರಿಗೆ ಸೇರಿದ ಎಲ್ಲ ಮನೆಗಳನ್ನೂ ಅಳೆದಿದ್ದೇವೆ.”

“ಎಲ್ಲ ಅಂದರೆ? ಎಷ್ಟು ಬಿಟ್ಟಿರಿ?”

“ಒಂದನ್ನೂ ಬಿಟ್ಟಿಲ್ಲ. ನಲವತ್ತೊಂದನೆಯದನ್ನು ಇವತ್ತು ಹೊಳೆ ದಾಟಿ ಅಳೆದೆವು.”

ಅವನು ಕಾಗದ ತಿರುವಿದ. ಅಷ್ಟರಲ್ಲಿ ದ್ವೀಪ ದೇಶವೊಂದರ ಪ್ರತಿನಿಧಿ, ನರೆಗೂದಲಿನ ಹೆಂಗಸು, ಮೈಕ್ ತೆರೆದಳು. “ನಮ್ಮಲ್ಲೂ ಜನ ಇರುವುದು ಕಣಿವೆಯಲ್ಲೇ. ಅಳೆಯುವ ಯಂತ್ರ ನಮಗಿಲ್ಲ. ಈ ಸಾಲು ನಮಗೂ ಬೇಕು.” ಅವಳ ಹಿಂದೆ ಇನ್ನೂ ಮೂರು ದೇಶಗಳು. ಅಧ್ಯಕ್ಷರು ಆಕ್ಷೇಪಿಸಿದವನನ್ನು ಕೇಳಿದರು.

“ಮನೆಗಳ ಪೂರ್ತಿ ಪಟ್ಟಿ ಇದ್ದರೆ ನನ್ನ ಆಕ್ಷೇಪವಿಲ್ಲ. ಆದರೆ ಇದು ಒಣ ದಿನಗಳ ಅಳತೆ. ಮಳೆಗಾಲದ್ದೂ ಬೇಕೆಂದು ಟಿಪ್ಪಣಿ ಸೇರಿಸಿ.”

ಅಧ್ಯಕ್ಷರು ಟಿಪ್ಪಣಿ ಬರೆಸಿದರು. ಎಲ್ಲರ ಕಣ್ಣೆದುರೇ ಪರದೆಯಲ್ಲಿ ಎಡಗಡೆಯ ಕಂಸ ಅಳಿಸಿಹೋಯಿತು, ಬಲಗಡೆಯದೂ.

ಫೌಝಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹರಿಪ್ರಸಾದ್, “ಆಯ್ತಾ?” ಎಂದು ಕೇಳಿದ. ಅವಳು ತಲೆಯಾಡಿಸಿದಳು, ಆಮೇಲೆ ಎದ್ದು ಬಂದು ಪೂವಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಪತ್ತಿರಿಯ ತಟ್ಟೆ ವಾಲಿತು.

“ಹಾಗಾದ್ರೆ ಯಾವಾಗ ಬರುದು ಸಿಗ್ನಲ್?” ಪೂವಮ್ಮ ಕೇಳಿದರು.

ಸುಳ್ಳು ಹೇಳಲು ಫೌಝಿಯಾಳಿಗೆ ಮನಸ್ಸಾಗಲಿಲ್ಲ. “ಇದು ಬರವಣಿಗೆ ಅಷ್ಟೇ, ಪೂವಮ್ಮ. ಇನ್ನು ಇದರಂತೆ ಯಂತ್ರ ಮಾಡಬೇಕು, ಯಾರಾದರೂ ಟವರ್ ಹಾಕಬೇಕು. ಮೂರು ನಾಲ್ಕು ವರ್ಷ ಆದೀತು. ಆದರೆ ಇಷ್ಟು ದಿನ ನೀವು ಇದ್ದೀರಿ ಅಂತಲೇ ಅದರಲ್ಲಿ ಬರೆದಿರಲಿಲ್ಲ.”

ಪೂವಮ್ಮ ಪತ್ತಿರಿಯ ಚೂರೊಂದನ್ನು ಬಾಯಿಗಿಟ್ಟು ನಿಧಾನವಾಗಿ ಜಗಿದರು.

“ಮಳೆಗಾಲದ ಅಳತೆ ಬೇಕು ಅಂತ ಹೇಳಿದ್ರಲ್ಲ?”

“ಹೌದು. ಬರುತ್ತೀರಾ ಜೊತೆಗೆ?”

“ಆಟಿ ತಿಂಗಳಲ್ಲಿ ಬನ್ನಿ, ಮಳೆ ಜೋರಿರ್ತದೆ. ಜೀಪು ಕೆಳಗೇ ಬಿಟ್ಟು ನಡೆಯುದು. ಉಂಬುಳ ಹತ್ತಿ ರಕ್ತ ಹೀರ್ತದೆ, ಬಿಡಿಸ್ಲಿಕ್ಕೆ ಉಪ್ಪು ನಾನೇ ತರ್ತೇನೆ.”

ಫೌಝಿಯಾ ಅಲ್ಲೇ ಕೂತು, ಪರವಾನಗಿಯ ಹೊಸ ಅರ್ಜಿಯನ್ನು ತೆರೆದು ತಿಂಗಳ ಹೆಸರು ತುಂಬತೊಡಗಿದಳು.