ಭಂಡಾರದ ದಾರ, ಮಾಂತೇಶನ ಉಸಿರು

ಸವದತ್ತಿಯ ಆ ಓಣಿಯಲ್ಲಿ ನಳಕ್ಕೆ ನೀರು ಬರದಿದ್ದರೆ ಜನ ಮೊದಲು ನಳವನ್ನು ಬಯ್ಯುತ್ತಾರೆ, ಆಮೇಲೆ ಇಂದ್ರವ್ವನ ಮನೆ ಕಡೆ ನೋಡುತ್ತಾರೆ. ಆಕೆಯ ಮಗ ಮಾಂತೇಶ ಜಲಾಶಯದ ಹಿನ್ನೀರಿನಲ್ಲಿ ಮುಳುಗಿ, ಊರಿಗೆ ನೀರೆತ್ತುವ ಪಂಪಿನ ಬಾಯಿಗೆ ಸುತ್ತಿಕೊಂಡ ಪಾಚಿ, ಹರಕು ಬಲೆ ಎಲ್ಲ ಬಿಡಿಸಿ ಬರುವವನು. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್, ಎರಡಕ್ಕೂ ನಡುವೆ ಒಂದು ಕಪ್ಪು ರಬ್ಬರ್ ಪೈಪು. ನೀರಿನಡಿ ಅವನ ಜೀವ ಓಡುವುದು ಆ ಪೈಪಿನಲ್ಲೇ.

ಇಂದ್ರವ್ವನ ತವರೂರೂ ಅದೇ ನೀರಿನಡಿ ಇದೆ. ಅಣೆಕಟ್ಟು ಕಟ್ಟಿದಾಗ ಆಕೆ ಅವ್ವನ ಕಂಕುಳಲ್ಲಿದ್ದ ಕೂಸು. ಕಂಡ ನೆನಪಿಲ್ಲ, ಆದರೂ ಮಧ್ಯಾಹ್ನ ಕಟ್ಟೆಯ ಮೇಲೆ ಕಣ್ಣು ಮುಚ್ಚಿದರೆ ಸಾಕು, ಆ ಊರಿಗೆ ಇಳಿದುಬಿಡುತ್ತಾಳೆ. ಪಡಸಾಲೆಯಲ್ಲಿ ಹಸಿರು ಬೆಳಕು, ಗೂಡಿನಲ್ಲಿ ಮೀನು, ಒಲೆಯ ಮುಂದೆ ಅವ್ವ. ಬಾಗಿಲಲ್ಲಿ ಮಾಂತೇಶ ನಿಂತಿರುತ್ತಾನೆ, ಅವನ ಉಸಿರಿನ ಗುಳ್ಳೆಗಳು ಜಂತಿಯವರೆಗೆ ಏರುತ್ತಿರುತ್ತವೆ. ಎಚ್ಚರಾದಾಗ ಆಕೆಗೆ ಸುಖವೂ ಆಗುತ್ತದೆ, ಅಂಜಿಕೆಯೂ ಆಗುತ್ತದೆ.

ಆ ಅಂಜಿಕೆಗೇ ಆಕೆ ಒಂದು ಕೆಲಸ ಮಾಡಿದ್ದಳು. ಪೈಪು ಲೋಹಕ್ಕೆ ಸೇರುವ ತುದಿಯಲ್ಲಿ, ಅದು ತೀರ ಬಾಗಬಾರದೆಂದು ದಪ್ಪ ರಬ್ಬರಿನ ಕವರು ತೊಡಿಸಿರುತ್ತಾರೆ. ಹೋದ ಮಹಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಇಂದ್ರವ್ವ ಆ ಕವರಿನ ಮೇಲೆ ಎಲ್ಲಮ್ಮನ ಗುಡಿಯ ಅರಿಶಿನದ ಪುಡಿ, ಭಂಡಾರ, ಕಲಸಿ ಸವರಿ, ಹಳದಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಮುಂದಿನ ನವಮಿ ತನಕ ಬಿಚ್ಚಕೂಡದೆಂದು ಮಗನಿಗೆ ತಾಕೀತು ಬೇರೆ. ಮಗ ಅವ್ವನ ಮಾತು ಮೀರಲಿಲ್ಲ. ನೀರಿನಿಂದ ಬಂದವನು ಅದನ್ನು ಹಾಗೇ ಗೂಟಕ್ಕೆ ತೂಗುಹಾಕುತ್ತಿದ್ದ.

ಒಂದು ಸಂಜೆ ಮಹಾನಂದಾ ಬಂದಳು. ಮಾಂತೇಶನ ಜೊತೆಗೇ ನೀರಿಗಿಳಿಯುವವಳು, ತಂಡದ ಸಾಮಾನಿನ ಉಸ್ತುವಾರಿಯೂ ಆಕೆಯದೇ.

"ನಾಳಿ ಮುಂಜಾನಿ ಇಳೀಬೇಕಲ್ರಿ ಅತ್ತಿ, ಸೆಟ್ ನೋಡಿ ಹೋಗೂಣು ಅಂತ ಬಂದೆ" ಎಂದವಳು ಪೈಪು ಕೈಗೆತ್ತಿಕೊಂಡು, "ಮಾಂತೇಶ, ಈ ಕವರ್ ಸರಿಸಿ ಎಷ್ಟ ದಿನ ಆತೋ?" ಎಂದಳು.

ಮಾಂತೇಶ ತಲೆ ಕೆರೆದುಕೊಂಡು ಅವ್ವನ ಮುಖ ನೋಡಿದ.

"ಸರಿಸೂದ ಯಾಕ ಬೇಕವ್ವ?" ಎಂದಳು ಇಂದ್ರವ್ವ. "ಕವರ್ ಐತಿ, ಮ್ಯಾಲ ಎಲ್ಲವ್ವನ ದಾರ ಐತಿ. ಮತ್ತೇನ ಬೇಕು?"

"ಕವರ್ ಚಲೋದ ಐತ್ರಿ. ಆದ್ರ ಅದರೊಳಗ ನೀರು, ರಾಡಿ ಹೊಕ್ಕು ಕುಂತಬಿಡತೈತಿ. ಹಸಿ ಸೀರಿ ಮಡಚಿ ಟ್ರಂಕಿನ್ಯಾಗ ಇಟ್ರ ಏನಾಗತೈತಿ ಹೇಳ್ರಿ?"

"ಬೂಷ್ಟ್ ಹಿಡೀತೈತಿ."

"ಇಲ್ಲೂ ಹಂಗರಿ. ಲೋಹ ಹಸರ ತಿರಗತೈತಿ, ರಬ್ಬರ್ ಬಿರಿತೈತಿ. ಮ್ಯಾಲಿಂದ ಏನೂ ಕಾಣಂಗಿಲ್ಲ."

ಇಂದ್ರವ್ವನಿಗೆ ಸಿಟ್ಟು ನೆತ್ತಿಗೇರಿತು. "ದೇವಿ ದಾರ ಬಿಚ್ಚಿಸಿ ನನ್ನ ಮಗನ್ನ ನೀರಿಗೆ ಕಳಸ್ತಿ ಏನ?"

ಮಹಾನಂದಾ ದನಿ ಏರಿಸಲಿಲ್ಲ. "ನನಗೂ ದೇವಿ ಮ್ಯಾಲ ಭಕ್ತಿ ಐತ್ರಿ. ನಾ ಬಿಚ್ಚಂಗಿಲ್ಲ. ನೀವ ಕಟ್ಟೀರಿ, ನೀವ ಬಿಚ್ಚಿ ನಿಮ್ಮ ಕಣ್ಣಿಲೆ ನೋಡ್ರಿ. ಎಲ್ಲಾ ನೆಟ್ಟಗ ಇದ್ರ ಮತ್ತ ಕಟ್ರಿ, ನಾ ಕೈ ಮುಗದ ಹೋಗತೇನಿ."

ಇಂದ್ರವ್ವ ಪೈಪನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನೋಡಿದರೆ ಹೋಗುವುದೇನು ಎನ್ನಿಸಿತೋ ಏನೋ, ಬಾಯಲ್ಲಿ ಎಲ್ಲಮ್ಮನನ್ನು ನೆನೆಯುತ್ತ ಗಂಟು ಬಿಡಿಸಿದಳು.

ಮಾಂತೇಶ ನೀರಿನಿಂದ ಬಂದಾಗಲೇ ಸಿಲಿಂಡರ್ ಬಂದ್ ಮಾಡಿ, ಉಳಿದ ಗಾಳಿ ಹೊರಗೆ ಬಿಟ್ಟು, ಪೈಪನ್ನೂ ರೆಗ್ಯುಲೇಟರನ್ನೂ ಅದರಿಂದ ಬೇರೆ ಮಾಡಿ ಇಟ್ಟಿದ್ದ. ಮಹಾನಂದಾ ಉಗುರುಬೆಚ್ಚಗಿನ ನೀರಿಗೆ ತುಸು ಸಾಬೂನು ಕಲಸಿ ಕವರಿನ ಬಾಯಿಗೆ ಹನಿಸಿದಳು. "ಎಣ್ಣಿ ಮುಟ್ಟಸಬ್ಯಾಡ್ರಿ, ಚಾಕು ಹಚ್ಚಬ್ಯಾಡ್ರಿ. ಲೋಹ ಗಟ್ಟಿ ಹಿಡದು, ಕವರ್ ಸಾವಕಾಶ ತಿರುವಿಕೋತ ಪೈಪಿನ ನಡುವಿಗೆ ಸರಸ್ರಿ."

ಇಂದ್ರವ್ವ ಸರಿಸಿದಳು. ಒಳಗೆ ಭಂಡಾರವೂ ರಾಡಿಯೂ ಕಲೆತು ಲೋಳೆಯಾಗಿತ್ತು. ಒರೆಸಿದರೆ ಲೋಹದ ಮೇಲೆ ಹಸಿರು. ಮಹಾನಂದಾ ಪೈಪನ್ನು ಸ್ವಲ್ಪವೇ ಬಾಗಿಸಿದಳು. ರಬ್ಬರಿನಲ್ಲಿ ಬೇಸಿಗೆಯ ಎರೆಭೂಮಿಯಂತೆ ಬಿರುಕು ಬಾಯಿ ತೆರೆಯಿತು.

"ಇದು ನೀರಾಗ ಒಡದಿದ್ರ?" ಎಂದಳು ಇಂದ್ರವ್ವ.

"ಗಾಳಿ ಎಲ್ಲಾ ಬುಸ್ ಅಂತ ಹೊರಗ ಹೋಗಿಬಿಡತಿತ್ರಿ."

ಮಗನನ್ನು ಕಾಯಲೆಂದು ಕಟ್ಟಿದ ದಾರದ ಅಡಿಯಲ್ಲೇ ಅವನ ಸಾವು ಕೂತಿತ್ತಲ್ಲ ಎಂದು ಇಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಮರುದಿನ ಮಾಂತೇಶ ನೀರಿಗಿಳಿಯಲಿಲ್ಲ. ಪೈಪು ಬದಲಿಸಲು ಕಲಿತವರ ಹತ್ತಿರ ಹೊಸದು ಹಾಕಿಸಿ, ಸೋರುತ್ತದೆಯೋ ಎಂದು ಪರೀಕ್ಷೆ ಮಾಡಿಸಿದರು. ಅತ್ತ ಓಣಿಯವರು ಖಾಲಿ ಕೊಡ ಹಿಡಿದು ಗೊಣಗುತ್ತ ಬಂದರು. ಇಂದ್ರವ್ವ ಹೊಸ್ತಿಲಲ್ಲೇ ನಿಂತು, "ಒಂದ ದಿನ ತಡೀರಿ. ನೀರು ನಾಳಿನೂ ಬರತೈತಿ" ಎಂದಳು. ಓಣಿಯವರು ಖಾಲಿ ಕೊಡ ಎತ್ತಿಕೊಂಡು ತಿರುಗಿದರು.

ಈಗ ಮಗ ಬಂದ ಕೂಡಲೇ ಕವರು ಸರಿಸುವವಳು ಇಂದ್ರವ್ವನೇ. ರೆಗ್ಯುಲೇಟರು ಸಿಲಿಂಡರಿಗೆ ಸೇರುವ ಬಾಯಿಗೆ, ನೀರು ಒಳಹೋಗದಂತೆ, ಮುಚ್ಚಳ ಬಿಗಿದಿದೆಯೇ ನೋಡಿ ಶುದ್ಧ ನೀರಲ್ಲಿ ತೊಳೆಯುತ್ತಾಳೆ, ನೆರಳಿಗೆ ಹಾಕುತ್ತಾಳೆ, ಪೂರಾ ಒಣಗಿದ ಮೇಲೆ ಬಿರುಕು ಹುಡುಕಿ ಕವರನ್ನು ಮತ್ತೆ ಅದರ ಜಾಗಕ್ಕೆ ತರುತ್ತಾಳೆ. ಹಳದಿ ದಾರ ಎಲ್ಲೂ ಹೋಗಿಲ್ಲ, ಪೈಪು ತೂಗುವ ಗೂಟಕ್ಕೆ ಕಟ್ಟಿದ್ದಾಳೆ.

ಮೊನ್ನೆ ಮಾಂತೇಶ, "ಯವ್ವಾ, ನೀರಾಗ ಕಲ್ಲಿನ ಮೆಟ್ಟಲಾ ಕಂಡ್ವು, ಯಾರದೋ ಮನೀವು" ಎಂದ. ಆ ಮಧ್ಯಾಹ್ನ ಇಂದ್ರವ್ವ ಕನಸಿನಲ್ಲಿ ಆ ಮೆಟ್ಟಿಲು ಇಳಿದು ಹೋದಳು. ಮಗನ ಗುಳ್ಳೆಗಳು ತಡೆಯಿಲ್ಲದೆ ಏರುತ್ತಿದ್ದವು, ಅಂಜಿಕೆ ಇರಲಿಲ್ಲ.

ನಿಮ್ಮ ಮನೆಯಲ್ಲಿ, ತಂಡದಲ್ಲಿ ನೀರಿಗಿಳಿಯುವವರಿದ್ದರೆ ಇವತ್ತೇ ಆ ಕವರು ಸರಿಸಿ ನೋಡಿ. ಯಾರೂ ಇಲ್ಲವೇ? ಹಾಗಾದರೆ ಅಡುಗೆಮನೆಗೆ ಹೋಗಿ. ಗ್ಯಾಸ್ ಪೈಪಿಗೆ ಚೆಂದಕ್ಕೆಂದು ಹೊಲಿದು ತೊಡಿಸಿದ ಬಟ್ಟೆ ತೆಗೆಯಿರಿ. ಬಿರುಕು ಕಂಡರೆ ಟೇಪು ಸುತ್ತಬೇಡಿ, ಪೈಪು ಬದಲಿಸಿ. ಪೂಜೆ ಮಾಡಿ, ಬೇಡ ಎನ್ನುವವರು ಯಾರು? ಮೊದಲು ಸರಿಸಿ ನೋಡಿ, ಆಮೇಲೆ ಕೈ ಮುಗಿಯಿರಿ.