ಧಾರೆ ಎರೆಯುವ ಕೈ

ಕ್ಯಾಪ್ಟನ್ ದುಗ್ಗಪ್ಪನ ಬಲಗೈ ಅರವತ್ತೈದರ ಯುದ್ಧದಲ್ಲಿ, ಪಂಜಾಬಿನ ಯಾವುದೋ ಕಬ್ಬಿನ ಗದ್ದೆಯಲ್ಲಿ ಹೋಯಿತು. ಅದಕ್ಕಾಗಿ ಅವನು ಅಳಲಿಲ್ಲ. ಸಿಪಾಯಿಯಾಗಿ ಸೇರಿ ಆಫೀಸರಾದ ಗಂಡಸು. ಅಳುವುದೆಲ್ಲ ಊರಲ್ಲಿ ಉಳಿದವರ ಕೆಲಸ ಎಂದುಕೊಂಡಿದ್ದ. ಪುಣೆಯಲ್ಲಿ ಮೊಣಕೈಗೆ ಚರ್ಮದ ಪಟ್ಟಿ ಬಿಗಿದು ಒಂದು ಮರದ ಕೈ ಕೊಟ್ಟರು. ಅದಕ್ಕೆ ಕಂದು ಗವಸು ತೊಡಿಸಿಕೊಂಡು, ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು, ಊರಿಗೆ ಸೆಟೆದುಕೊಂಡೇ ನಡೆದು ಬಂದ.

ಬಂದವನಿಗೆ ಇದ್ದದ್ದು ಒಂದೇ ಆಸೆ. ಮಗಳು ವೇದಾವತಿಯ ಮದುವೆಯಲ್ಲಿ ತಾನೇ ಧಾರೆ ಎರೆಯಬೇಕು. ಅವಳು ಹುಟ್ಟಿದಾಗ ಅವನು ಕಾಶ್ಮೀರದಲ್ಲಿದ್ದ, ಮೈನೆರೆದಾಗ ನಾಗಾ ಬೆಟ್ಟಗಳಲ್ಲಿದ್ದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು, ಈಗ ಸಾಗರದ ಕಡೆಯ ವರ ಹುಡುಕಿದ್ದು ಎಲ್ಲ ತಮ್ಮ ಮಾರಪ್ಪ. ಧಾರೆಯೊಂದಾದರೂ ತನ್ನ ಪಾಲಿಗಿರಲಿ ಎಂದು ದುಗ್ಗಪ್ಪ ಹಟ ಹಿಡಿದ. ಹಟ ಹಿಡಿಯುವುದು ಬಿಟ್ಟರೆ ಆ ಮನೆಯಲ್ಲಿ ಅವನಿಗೆ ಬೇರೆ ಕೆಲಸವಾದರೂ ಏನಿತ್ತು, ಹೇಳಿ!

ಅಪ್ಪನೆಂಬ ಹಕ್ಕನ್ನು ಅವನು ಹಿಂದೆಯೂ ಹಟದಿಂದಲೇ ಪಡೆದವನು. ವೇದಾವತಿ ಇನ್ನೂ ಚಿಕ್ಕವಳಿದ್ದಾಗ ಒಮ್ಮೆ ರಜೆಗೆ ಬಂದಿದ್ದ. ಯೂನಿಫಾರಂ ಕಂಡು ಮಗು ಕಿಟಾರನೆ ಕಿರುಚಿ, ಮಾರಪ್ಪನ ಹಿಂದೆ ಅಡಗಿ, ಅವನನ್ನೇ “ಅಪ್ಪಯ್ಯಾ” ಎಂದು ಕೂಗಿತು. ದುಗ್ಗಪ್ಪ ಮಗುವನ್ನು ಹೊರಗೆ ದರದರ ಎಳೆದು, “ಯಾರು ನಾನು? ಹೇಳು!” ಎಂದು ಕೇಳಿ ಕೇಳಿ ಕೆನ್ನೆಗೆ ಬಾರಿಸಿದ. ಕೊನೆಗೆ ಮಗು ಅವನನ್ನು ಅಪ್ಪಯ್ಯ ಎಂದಿತು. ಇದನ್ನು ಅವನು ಮೆಸ್ಸಿನಲ್ಲಿ ಗೆಳೆಯರೆದುರು ನಗುನಗುತ್ತಾ ಹೇಳಿಕೊಂಡಿದ್ದ, ಪುಣ್ಯಾತ್ಮ.

ಈಗ ದಿನಾ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಡ್ರಿಲ್ ಶುರುವಾಯಿತು. ಮರದ ಬೆರಳಿಗೆ ತಾಮ್ರದ ಗಿಂಡಿ ಸಿಕ್ಕಿಸಿ, ಎಡಗೈ ಆನಿಸಿ, ಬಾಳೆಬುಡಕ್ಕೆ ನೀರು ಸುರಿಯುವುದು. ಗಿಂಡಿ ಬೀಳುತ್ತಿತ್ತು. ಬಿದ್ದಾಗೆಲ್ಲ ತನ್ನನ್ನೇ ಹಿಂದಿಯಲ್ಲಿ ಬೈದುಕೊಳ್ಳುತ್ತಿದ್ದ. ಜಗಲಿಯ ಕಂಬಕ್ಕೊರಗಿದ ವೇದಾವತಿ ಕತ್ತು ಓರೆ ಮಾಡಿಕೊಂಡು ನೋಡುತ್ತಿದ್ದಳು.

“ಕತ್ತು ನೆಟ್ಟಗಿಡು! ಎಂತ ಅದು, ಕೋಳಿ ನೋಡ್ದಂಗೆ! ಸಾಗರದವ್ರ ಎದುರಿಗೂ ಹಿಂಗೇ ನಿಲ್ತೀಯಾ?”

ಅವಳು ನೆಟ್ಟಗೆ ನಿಲ್ಲುತ್ತಿದ್ದಳು. ಅವನು ಆಚೆ ತಿರುಗಿದ ಕೂಡಲೇ ಕತ್ತು ಮತ್ತೆ ಓರೆ. ಹೆಂಡತಿ ಶೇಷಮ್ಮ ಒಳಗಿನಿಂದ, “ಬಿಡಿ, ಅದ್ನ ಯಾಕೆ ಹೇಳ್ತೀರಿ,” ಎನ್ನುತ್ತಿದ್ದಳು.

ಮದುವೆ ಮಾತಿಗೆ ಗಂಡಿನ ಅಜ್ಜ ಜಟ್ಟಿಂಗಪ್ಪ ಬಂದ. ಬಾಯಿ ತುಂಬ ಎಲೆಯಡಿಕೆ, ನಾಲಿಗೆಗೆ ಮಾತ್ರ ಲಂಗುಲಗಾಮಿಲ್ಲ. ಗವಸಿನ ಕೈಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿದ.

“ಅಲ್ಲ ಮಾರಾಯ್ರೆ, ಹೆಣ್ಣು ಕೊಡಕ್ಕೆ ಕೈ ಬೇಡ್ವಾ? ಮರ ಎರೆದಿದ್ದು ಧಾರೆನಾ? ಹಂಗಾದ್ರೆ ಚಪ್ಪರದ ಗೂಟಕ್ಕೇ ಗಿಂಡಿ ಕಟ್ಬೋದಲ್ಲ!”

ಕೂತವರೆಲ್ಲ ಘೊಳ್ಳೆಂದು ನಕ್ಕರು. ಮಾರಪ್ಪನೂ ನಕ್ಕು, ಆಮೇಲೆ ಬಾಯಿ ಮುಚ್ಚಿಕೊಂಡ.

ದುಗ್ಗಪ್ಪ ಎದ್ದು ನಿಂತ. “ನಾನು ಎರೆದ್ರೆ ಮದುವೆ. ಇಲ್ದಿದ್ರೆ ಬಂದ ದಾರಿ ಹಿಡೀರಿ.”

“ಎರೆದು ತೋರ್ಸಿ ಮತ್ತೆ, ನೋಡಣ,” ಎಂದು ಮುದುಕ ಬೊಗಸೆಯೊಡ್ಡಿದ. ಪಲ್ಟನ್ನನ್ನು ನಡೆಸಿದವನು ಕರಡಿಯಾಟದ ಕರಡಿಯಂತೆ ಎಲ್ಲರೆದುರು ಗಿಂಡಿ ಎತ್ತಿದ. ಒಂದು ಹನಿಯೂ ಚೆಲ್ಲಲಿಲ್ಲ. ಜಟ್ಟಿಂಗಪ್ಪ ಕೈ ಒರೆಸಿಕೊಂಡ. “ಆಗ್ಲಿ. ಹುಡುಗಿಗಂತೂ ಊನ ಏನಿಲ್ವಲ್ಲ? ಇದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಗೊತ್ತಾದ್ರೆ ವಾಪಸ್ ತಂದು ಬಿಟ್ಟು ಹೋಗ್ತೀವಿ.”

“ನನ್ನ ಮಗಳಿಗಾ!” ಎಂದು ದುಗ್ಗಪ್ಪ ಗಹಗಹಿಸಿ ನಕ್ಕ. ಶೇಷಮ್ಮ ಎದ್ದು ಒಳಗೆ ಹೋದಳು.

ಮದುವೆಯ ದಿನ ಚಪ್ಪರದಲ್ಲಿ ವಾಲಗ ಮೊಳಗುತ್ತಿತ್ತು. ದುಗ್ಗಪ್ಪ ಇಸ್ತ್ರಿ ಮಾಡಿದ ಕೋಟಿನಲ್ಲಿ ಮಗಳನ್ನು ಕರೆದೊಯ್ಯಲು ಒಳಕೋಣೆಗೆ ಬಂದ. ಶೇಷಮ್ಮ ಅವಳಿಗೆ ಬಾಸಿಂಗ ಕಟ್ಟುತ್ತಿದ್ದಳು. ಅವನು ಮಗಳ ಎಡಕ್ಕೆ ನಿಂತು ಮೆಲ್ಲಗೆ, “ವೇದಾ, ನಿಮ್ಮಪ್ಪ ಗೆದ್ದ ಕಣೇ,” ಎಂದ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದ. ಆಗಲೂ ಇಲ್ಲ. ಸಿಟ್ಟು ನೆತ್ತಿಗೇರಿತು.

“ಕರೆದ್ರೆ ಓ ಅನ್ನಕ್ಕಾಗಲ್ವಾ?”

ಗದರಿದ್ದು ಅವಳಿಗೆ ಕೇಳಿಸಿತು. “ಈಚೆ ಬಂದು ಹೇಳಿ ಅಪ್ಪಯ್ಯ. ಆ ಕಿವಿ ಕೇಳದಿಲ್ಲ.”

“ಯಾವಾಗಿಂದ?”

“ನೀವು ಯಾರು ಅಂತ ನನ್ನ ಕೇಳಿದ್ರಲ್ಲ, ಆವತ್ತಿಂದ.”

ಅವನು ಶೇಷಮ್ಮನ ಮುಖ ನೋಡಿದ. ಅವಳು ದಾರದ ಗಂಟು ಬಿಗಿಯುತ್ತಲೇ ಹೇಳಿದಳು. “ರಕ್ತ ಸೋರ್ತಿತ್ತು. ನೀವು ರಜೆ ಮುಗ್ಸಿ ಹೋಗಿದ್ರಿ. ಮಾರಪ್ಪನೇ ತೀರ್ಥಹಳ್ಳಿ ಡಾಕ್ಟ್ರ ಹತ್ರ ಹೊತ್ಕೊಂಡು ಓಡಿದ್ದು. ಏನೂ ಉಪಯೋಗ ಆಗ್ಲಿಲ್ಲ.”

ದುಗ್ಗಪ್ಪ ಟ್ರಂಕಿನ ಮೇಲೆ ಕುಸಿದು ಕೂತ. ಇಷ್ಟು ದಿನ ಆ ಕತ್ತಿಗೆ ನೆಟ್ಟಗಿರೆಂದು ಆರ್ಡರ್ ಮಾಡಿದ್ದನಲ್ಲ, ಕರ್ಮ!

“ಚಿಕ್ಕಪ್ಪನೇ ಎರೀಲಿ,” ಎಂದಳು ವೇದಾವತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. “ಕೈ ಹೋಗಿದೆ ಅಂತಲ್ಲ. ಆ ಕೈ ಇದ್ದಿದ್ರೂ ಬೇಡ ಅಂತಿದ್ದೆ.”

ಹೊರಗೆ ಜಟ್ಟಿಂಗಪ್ಪ ಕೂಗುತ್ತಿದ್ದ. “ಎಲ್ರೀ ಕ್ಯಾಪ್ಟನ್ರು? ಮುಹೂರ್ತ ಮೀರ್ತಾ ಇದೆ!”

ಮಗಳೇ ಒಲ್ಲೆ ಅಂದಳು ಎಂದರೆ ಮುದುಕ ಯಾಕೆ ಎಂದು ಕೇಳದೆ ಬಿಡುವವನಲ್ಲ. ಕೇಳಿದರೆ ಕಿವಿಯ ಸಂಗತಿ ಹೊರಬೀಳುತ್ತದೆ. ದುಗ್ಗಪ್ಪ ಹೊರಬಂದು ತುಂಬಿದ ಚಪ್ಪರದಲ್ಲಿ ನಿಂತ.

“ಕೈ ಏಳ್ತಾ ಇಲ್ಲ ಯಜಮಾನ್ರೇ. ನೀವು ಹೇಳಿದ್ದೇ ಸರಿ. ಮಾರಪ್ಪ ಎರೀತಾನೆ.”

“ಆವತ್ತೇ ಬಡ್ಕೊಂಡೆ! ಗೂಟಾನೇ ವಾಸಿ ಅಂತ!”

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ದುಗ್ಗಪ್ಪನೂ ಹಲ್ಲು ಬಿಟ್ಟ. ಮಾರಪ್ಪ ಗಂಡ ಹೆಂಡತಿ ಗಿಂಡಿ ಹಿಡಿದರು. ಎರೆಯುವಾಗ ಮಾರಪ್ಪ ಅಳುತ್ತಾ ವೇದಾವತಿಯ ಬಲಕ್ಕೆ ಬಾಗಿ ಏನೋ ಹೇಳಿದ. ಅವಳು ಕತ್ತು ಪೂರಾ ಅವನ ಕಡೆ ಓರೆ ಮಾಡಿದಳು.

ಜಟ್ಟಿಂಗಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ಅದೆಂತಕ್ಕೆ ಹುಡುಗಿ ಕತ್ತು ಹಂಗೆ ಓರೆ ಮಾಡದು?”

“ಮಾತು ಕೇಳಿಸ್ಕೊಳ್ತಾ ಇದಾಳೆ,” ಎಂದ ದುಗ್ಗಪ್ಪ.

“ಯಾರ್ದು?”

“ಅವಳ ಅಪ್ಪಯ್ಯಂದು.”